ದೂರವಾಣಿ ನಿರ್ವಾಹಕರ ವೇತನ: ಅದನ್ನು ನಿರ್ಧರಿಸುವ ಅಂಶಗಳು ಮತ್ತು ಕಡಿಮೆ ಪಾವತಿಯಾದಲ್ಲಿ ಅರ್ಜಿ ಸಲ್ಲಿಸುವ ಕ್ರಮ

ಕರ್ನಾಟಕದಲ್ಲಿ ದೂರವಾಣಿ ನಿರ್ವಾಹಕರಾಗಿ ಕೆಲಸ ಮಾಡುತ್ತಿರುವವರು, ಈ ಹುದ್ದೆಗೆ ಅರ್ಜಿ ಸಲ್ಲಿಸಲು ಇಚ್ಛಿಸುವವರು ಹಾಗೂ ತಮಗೆ ಸಲ್ಲಬೇಕಾದ ವೇತನ ಪೂರ್ಣವಾಗಿ ಸಂದಿಲ್ಲವೆಂದು ಭಾವಿಸಿ ಅರ್ಜಿ ಸಲ್ಲಿಸಬಯಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಜನಬಳಕೆಯಲ್ಲಿ ಟೆಲಿಫೋನ್ ಆಪರೇಟರ್ ಎಂದು ಕರೆಯಲ್ಪಡುವ ಈ ಹುದ್ದೆಗೆ ತಿಂಗಳಿಗೆ ಎಷ್ಟು ವೇತನ ದೊರೆಯುತ್ತದೆ ಎಂಬುದು ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ. ಇದಕ್ಕೆ ಒಂದೇ ಅಂಕಿಯಲ್ಲಿ ಉತ್ತರ ನೀಡಲು ಸಾಧ್ಯವಿಲ್ಲ. ಹುದ್ದೆಯ ಹೆಸರು ಒಂದೇ ಆಗಿದ್ದರೂ, ವೇತನವು ನಿರ್ವಾಹಕರು ಯಾರ ನೌಕರರು, ಅವರನ್ನು ಕಾಗದಪತ್ರಗಳಲ್ಲಿ ಯಾವ ಪದನಾಮದಡಿ ತೋರಿಸಲಾಗಿದೆ ಮತ್ತು ಅವರು ಯಾವ ಊರಿನಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ. ಕೆಲಸದ ಸ್ವರೂಪಕ್ಕಿಂತ ಕಾಗದಪತ್ರಗಳೇ ವೇತನವನ್ನು ಹೆಚ್ಚಾಗಿ ನಿರ್ಧರಿಸುವುದರಿಂದ, ಅವುಗಳನ್ನು ಓದಿ ತಿಳಿಯುವ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ದೂರವಾಣಿ ನಿರ್ವಾಹಕರೆಂದರೆ ಯಾರು?

ಕಚೇರಿ, ಆಸ್ಪತ್ರೆ, ಹೋಟೆಲು, ವಿಶ್ವವಿದ್ಯಾಲಯ, ಕಾರ್ಖಾನೆ ಮುಂತಾದ ಕಡೆ ಹೊರಗಿನಿಂದ ಬರುವ ಕರೆಗಳನ್ನು ಸ್ವೀಕರಿಸಿ, ಸಂಬಂಧಪಟ್ಟವರ ಎಕ್ಸ್‌ಟೆನ್ಶನ್‌ಗೆ ಜೋಡಿಸುವ, ಸಂದೇಶಗಳನ್ನು ಬರೆದುಕೊಂಡು ತಲುಪಿಸುವ ಮತ್ತು ತುರ್ತು ಸಂದರ್ಭಗಳಲ್ಲಿ ಸಿಬ್ಬಂದಿಗೆ ಕರೆ ಮಾಡಿ ತಿಳಿಸುವ ನೌಕರರು ದೂರವಾಣಿ ನಿರ್ವಾಹಕರು. 112 ಮತ್ತು 108ರಂತಹ ತುರ್ತು ಸೇವೆಗಳಲ್ಲಿ ಕರೆ ಸ್ವೀಕರಿಸುವವರ ಕೆಲಸವೂ ಇದಕ್ಕೆ ಹತ್ತಿರವಾದದ್ದು.

ಈ ಹುದ್ದೆಯ ಹಿಂದಿನ ಸ್ಥಿತಿ ಬೇರೆಯೇ ಆಗಿತ್ತು. ದೂರದ ಊರಿಗೆ ಮಾತನಾಡಲು ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಪ್ರತಿ ಎಕ್ಸ್‌ಚೇಂಜಿನಲ್ಲಿಯೂ ನಿರ್ವಾಹಕರು ಸಾಲಾಗಿ ಕುಳಿತಿರುತ್ತಿದ್ದರು ಮತ್ತು ಅವರು ಕೇಂದ್ರ ಸರ್ಕಾರದ ನೌಕರರಾಗಿದ್ದರು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್.ಟಿ.ಡಿ. ಸಂಪರ್ಕ ಆರಂಭವಾಯಿತು. ನಂತರದ ದಶಕಗಳಲ್ಲಿ ಎಕ್ಸ್‌ಚೇಂಜುಗಳು ಸ್ವಯಂಚಾಲಿತವಾದಂತೆ ಆ ಹುದ್ದೆಗಳ ಅಗತ್ಯ ಕಡಿಮೆಯಾಯಿತು. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಸೇವೆಗಳು ಭಾರತ್ ಸಂಚಾರ್ ನಿಗಮಕ್ಕೆ ವರ್ಗಾವಣೆಗೊಂಡವು. 2020ರ ಜನವರಿ 31ರಂದು ಆ ನಿಗಮದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಇಂದು ಈ ಕೆಲಸ ಉಳಿದಿರುವುದು ಬಹುಮಟ್ಟಿಗೆ ಸಂಸ್ಥೆಗಳ ಒಳಗಿನ ಇ.ಪಿ.ಎ.ಬಿ.ಎಕ್ಸ್. ಫಲಕಗಳ ಮುಂದೆ, ಅಲ್ಲಿ ಖಾಯಂ ನೌಕರರ ಪಕ್ಕದಲ್ಲಿಯೇ ಹೊರಗುತ್ತಿಗೆಯವರು ಕುಳಿತಿರುವುದು ಸಾಮಾನ್ಯ.

ಒಂದೇ ಫಲಕ, ಎರಡು ವೇತನ

ಒಂದೇ ಕೊಠಡಿಯಲ್ಲಿ, ಒಂದೇ ಫಲಕದ ಮೇಲೆ, ಒಬ್ಬರ ನಂತರ ಒಬ್ಬರು ಪಾಳಿಯಲ್ಲಿ ಕೆಲಸ ಮಾಡುವ ಇಬ್ಬರ ಕೈಗೆ ಬರುವ ಹಣದಲ್ಲಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸವಿರುವುದುಂಟು. ಒಬ್ಬರು ಮಂಜೂರಾದ ಹುದ್ದೆಯಲ್ಲಿ ನೇಮಕಗೊಂಡವರು. ಅವರ ವೇತನ ಸರ್ಕಾರಿ ವೇತನ ಶ್ರೇಣಿಗೆ ಸೇರಿದೆ. ಇನ್ನೊಬ್ಬರು ಮಾನವ ಸಂಪನ್ಮೂಲ ಏಜೆನ್ಸಿಯೊಂದರ ನೌಕರರು. ಅವರಿಗೆ ಕಾನೂನು ಖಾತರಿಪಡಿಸುವುದು ಕನಿಷ್ಠ ವೇತನವನ್ನು ಮಾತ್ರ.

ಇದು ನ್ಯಾಯಸಮ್ಮತವೇ ಎಂಬ ಪ್ರಶ್ನೆ ಸಹಜ. ಪಂಜಾಬ್ ರಾಜ್ಯ ವಿರುದ್ಧ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಅಕ್ಟೋಬರ್ 26ರಂದು ನೀಡಿದ ತೀರ್ಪಿನಲ್ಲಿ, ಸರ್ಕಾರದ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ತ್ವ ಅನ್ವಯಿಸುತ್ತದೆ ಎಂದು ಹೇಳಿದೆ. ಆದರೆ ಕೆಲಸವು ಎಲ್ಲ ರೀತಿಯಲ್ಲಿಯೂ ಸಮಾನವಾದದ್ದು ಎಂದು ರುಜುವಾತುಪಡಿಸುವ ಹೊಣೆ ನೌಕರರ ಮೇಲಿರುತ್ತದೆ. ಸರ್ಕಾರವೇ ನೇರವಾಗಿ ತಾತ್ಕಾಲಿಕವಾಗಿ ನೇಮಿಸಿಕೊಂಡವರಿಗೂ, ಏಜೆನ್ಸಿಯ ಮೂಲಕ ಬಂದವರಿಗೂ ಇಲ್ಲಿ ವ್ಯತ್ಯಾಸವಿದೆ ಎಂಬುದನ್ನು ಅರ್ಜಿದಾರರು ಗಮನದಲ್ಲಿಡತಕ್ಕದ್ದು. ಏಜೆನ್ಸಿಯ ನೌಕರರು ಈ ತೀರ್ಪನ್ನು ಆಧರಿಸಿ ಖಾಯಂ ನೌಕರರ ವೇತನವನ್ನು ಕೋರಿದ ಮಾತ್ರಕ್ಕೆ ಅದು ದೊರೆಯುತ್ತದೆಂದು ತಿಳಿಯಬಾರದು. ಹಾಗೆಯೇ, ಹಲವು ವರ್ಷ ಕೆಲಸ ಮಾಡಿದ ಕಾರಣಕ್ಕೆ ಸೇವೆ ತಾನಾಗಿಯೇ ಖಾಯಂ ಆಗುವುದಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ವಿಷಯವೂ ಒಳಗೊಂಡಿದ್ದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಈ ಅಂಶವನ್ನು ಸ್ಪಷ್ಟಪಡಿಸಿದೆ.

ಆದುದರಿಂದ ಹೊರಗುತ್ತಿಗೆ ನಿರ್ವಾಹಕರು ಪಕ್ಕದ ಕುರ್ಚಿಯವರ ವೇತನಕ್ಕೆ ತಮ್ಮ ವೇತನವನ್ನು ಹೋಲಿಸುವುದಕ್ಕಿಂತ ಮೊದಲು, ತಮಗೆ ಕಾನೂನಿನ ಪ್ರಕಾರ ಈಗಾಗಲೇ ಸಲ್ಲಬೇಕಾಗಿರುವ ಮೊತ್ತ ಪೂರ್ಣವಾಗಿ ಸಲ್ಲುತ್ತಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಯೋಜನಕರ. ಅದೇ ಪೂರ್ಣವಾಗಿ ಸಲ್ಲದಿರುವ ಸಂದರ್ಭಗಳಿವೆ. ಅಂತಹ ಸಂದರ್ಭದಲ್ಲಿ ಪರಿಹಾರವೂ ನಿಶ್ಚಿತವಾಗಿದೆ.

ಖಾಯಂ ನಿರ್ವಾಹಕರ ವೇತನ

ರಾಜ್ಯ ಸರ್ಕಾರಿ ನೌಕರರಿಗೆ ಸಂಬಂಧಿಸಿದಂತೆ ವಿಷಯ ಸರಳವಾಗಿದೆ. ಶ್ರೀ ಕೆ. ಸುಧಾಕರ್ ರಾವ್ ಅವರ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ, ಯಾವುದೇ ಖಾಯಂ ನೌಕರರ ಕನಿಷ್ಠ ಮೂಲ ವೇತನವನ್ನು 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. ದೂರವಾಣಿ ನಿರ್ವಾಹಕರ ಆರಂಭಿಕ ಮೂಲ ವೇತನವು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಆ ಹುದ್ದೆಗೆ ತೋರಿಸಿರುವ ಶ್ರೇಣಿಯಂತೆ ಇರುತ್ತದೆ. ನೇಮಕಾತಿ ಅಧಿಸೂಚನೆಯಲ್ಲಿ ಈ ಶ್ರೇಣಿಯನ್ನು ಪ್ರಕಟಿಸಲಾಗುತ್ತದೆ. ಮೂಲ ವೇತನದ ಜೊತೆಗೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸಲಾಗುವ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಮತ್ತು ವಾರ್ಷಿಕ ವೇತನ ಬಡ್ತಿ ಸೇರುತ್ತವೆ.

ಇಲ್ಲಿ ಊರಿನ ಪ್ರಭಾವ ಮನೆ ಬಾಡಿಗೆ ಭತ್ಯೆಯಲ್ಲಿ ಕಾಣುತ್ತದೆ. ಸದರಿ ಪರಿಷ್ಕರಣೆಯಲ್ಲಿ ಈ ಭತ್ಯೆಯನ್ನು ಊರಿನ ವರ್ಗಕ್ಕೆ ತಕ್ಕಂತೆ ಮೂಲ ವೇತನದ ಶೇಕಡ 20, 15 ಮತ್ತು 7.5 ಎಂದು ನಿಗದಿಪಡಿಸಲಾಯಿತು. 27,000 ರೂಪಾಯಿ ಮೂಲ ವೇತನವಿರುವವರಿಗೆ ಬೆಂಗಳೂರಿನಲ್ಲಿ ಇದು 5,400 ರೂಪಾಯಿಗಳಾದರೆ, ಕೊನೆಯ ವರ್ಗದ ಊರಿನಲ್ಲಿ 2,025 ರೂಪಾಯಿಗಳು. ಬೆಂಗಳೂರಿನ ಬಾಡಿಗೆಯನ್ನು ಬಲ್ಲವರಿಗೆ ಈ 3,375 ರೂಪಾಯಿಗಳ ವ್ಯತ್ಯಾಸ ದೊಡ್ಡದೆನಿಸಲಾರದು.

ಖಾಯಂ ನೌಕರರ ವೇತನದ ಮೇಲೆ ಭಾಷಾಜ್ಞಾನ, ಕರೆಗಳ ಸಂಖ್ಯೆ ಅಥವಾ ಕೆಲಸದ ಒತ್ತಡ ಯಾವುದೇ ಪರಿಣಾಮ ಬೀರುವುದಿಲ್ಲ. ಖಾಸಗಿ ಹೋಟೆಲುಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಹಾಗಲ್ಲ. ಕನ್ನಡ, ಇಂಗ್ಲಿಷ್ ಜೊತೆಗೆ ಹಿಂದಿ, ತೆಲುಗು ಅಥವಾ ತಮಿಳಿನಲ್ಲಿ ಸರಾಗವಾಗಿ ಉತ್ತರಿಸಬಲ್ಲವರು ಕನಿಷ್ಠ ವೇತನಕ್ಕಿಂತ ಹೆಚ್ಚಿನದನ್ನು ಮಾತುಕತೆಯ ಮೂಲಕ ಪಡೆಯುವ ಅವಕಾಶ ಅಲ್ಲಿದೆ. ಅದು ಮಾಲೀಕರ ಮತ್ತು ನೌಕರರ ನಡುವಿನ ಒಪ್ಪಂದದ ವಿಷಯ.

ಕನಿಷ್ಠ ವೇತನ ಮತ್ತು ಅದನ್ನು ನಿಗದಿಪಡಿಸುವ ಸರ್ಕಾರ

2025ರ ನವೆಂಬರ್ 21ರಂದು ವೇತನ ಸಂಹಿತೆ, 2019 ಜಾರಿಗೆ ಬಂದಿದ್ದು, ಕನಿಷ್ಠ ವೇತನ ಅಧಿನಿಯಮ 1948, ವೇತನ ಪಾವತಿ ಅಧಿನಿಯಮ 1936, ಬೋನಸ್ ಪಾವತಿ ಅಧಿನಿಯಮ 1965 ಹಾಗೂ ಸಮಾನ ಸಂಭಾವನೆ ಅಧಿನಿಯಮ 1976 ಇವುಗಳ ಸ್ಥಾನವನ್ನು ಪಡೆದುಕೊಂಡಿದೆ. ಹಳೆಯ ಅಧಿನಿಯಮಗಳಡಿ ಹೊರಡಿಸಲಾದ ವೇತನ ಅಧಿಸೂಚನೆಗಳು, ಸಂಹಿತೆಗೆ ವಿರುದ್ಧವಾಗಿಲ್ಲದಷ್ಟರ ಮಟ್ಟಿಗೆ, ಊರ್ಜಿತದಲ್ಲಿರುತ್ತವೆ. ಹಿಂದೆ ಕನಿಷ್ಠ ವೇತನದ ರಕ್ಷಣೆಯು ಅನುಸೂಚಿಯಲ್ಲಿ ಸೇರಿಸಲಾದ ಉದ್ದಿಮೆಗಳ ನೌಕರರಿಗೆ ಮಾತ್ರ ಇತ್ತು. ಸಂಹಿತೆಯಡಿ ಈ ರಕ್ಷಣೆಯು ಎಲ್ಲ ನೌಕರರಿಗೂ ವಿಸ್ತರಿಸಿದೆ.

ಮೊದಲು ಪರಿಶೀಲಿಸಬೇಕಾದುದು, ತಮ್ಮ ಕೆಲಸದ ಸ್ಥಳಕ್ಕೆ ಸಮುಚಿತ ಸರ್ಕಾರ ಯಾವುದು ಎಂಬುದನ್ನು. ಖಾಸಗಿ ಆಸ್ಪತ್ರೆ, ಹೋಟೆಲು, ಕಾರ್ಖಾನೆ, ರಾಜ್ಯ ಸರ್ಕಾರದ ಕಚೇರಿ ಇವುಗಳಿಗೆ ರಾಜ್ಯ ಸರ್ಕಾರ. ರೈಲ್ವೆ, ಬ್ಯಾಂಕು, ವಿಮೆ, ದೂರಸಂಪರ್ಕ, ವಿಮಾನಯಾನ ಹಾಗೂ ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ. ಇಂತಹ ಕಡೆ ಗುತ್ತಿಗೆದಾರರ ಮೂಲಕ ಕೆಲಸ ಮಾಡುವವರೂ ಕೇಂದ್ರದ ವ್ಯಾಪ್ತಿಗೇ ಬರುತ್ತಾರೆ. ಬೆಂಗಳೂರಿನ ಬ್ಯಾಂಕೊಂದರ ಫಲಕದ ಮುಂದೆ ಕುಳಿತಿರುವ ಹೊರಗುತ್ತಿಗೆ ನಿರ್ವಾಹಕರು ರಾಜ್ಯದ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಟ್ಟು, ಅದು ವ್ಯಾಪ್ತಿಗೆ ಬಾರದೆಂದು ಹಿಂದಿರುಗಿದಲ್ಲಿ, ಅಮೂಲ್ಯವಾದ ತಿಂಗಳುಗಳು ವ್ಯರ್ಥವಾಗುತ್ತವೆ.

ಎರಡೂ ಸರ್ಕಾರಗಳ ದರಗಳು ಬೇರೆ ಬೇರೆ. ರಾಜ್ಯದ ಅಧಿಸೂಚನೆಗಳಲ್ಲಿ ದರಗಳನ್ನು ಉದ್ದಿಮೆ, ವಲಯ ಮತ್ತು ಕೌಶಲ್ಯದ ದರ್ಜೆಗೆ ತಕ್ಕಂತೆ ತೋರಿಸಲಾಗಿದ್ದು, ಗ್ರಾಹಕ ಬೆಲೆ ಸೂಚ್ಯಂಕವನ್ನು ಆಧರಿಸಿದ ವ್ಯತ್ಯಾಸವಾಗುವ ತುಟ್ಟಿಭತ್ಯೆಯು ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಕೇಂದ್ರದ ವ್ಯಾಪ್ತಿಯಲ್ಲಿ ಅದು ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು, ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ. ದರಗಳ ಪ್ರಮಾಣವನ್ನು ತಿಳಿಯಲು ಒಂದು ನಿದರ್ಶನ: 2024ರ ಅಕ್ಟೋಬರ್ 1ರಿಂದ ಅನ್ವಯಿಸುವಂತೆ ಕೇಂದ್ರ ಸರ್ಕಾರವು ಬೆಂಗಳೂರಿನಂತಹ 'ಎ' ಪ್ರದೇಶದಲ್ಲಿ ಕುಶಲ ಹಾಗೂ ಗುಮಾಸ್ತ ದರ್ಜೆಗೆ ದಿನಕ್ಕೆ 954 ರೂಪಾಯಿ, ಅಂದರೆ 26 ದಿನಗಳಿಗೆ 24,804 ರೂಪಾಯಿಗಳನ್ನು ಪ್ರಕಟಿಸಿತು. ಅದೇ ಪ್ರದೇಶದಲ್ಲಿ ಅಕುಶಲ ದರ್ಜೆಯ ದರ 783 ರೂಪಾಯಿ. ಅರ್ಜಿ ಸಲ್ಲಿಸುವವರು ತಾವು ಕೆಲಸ ಮಾಡಿದ ಅವಧಿಯಲ್ಲಿ ಜಾರಿಯಲ್ಲಿದ್ದ ದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಮೇಲಿನ ಎರಡು ದರಗಳ ನಡುವಿನ ಅಂತರ ದಿನಕ್ಕೆ 171 ರೂಪಾಯಿ, 26 ದಿನಗಳಿಗೆ 4,446 ರೂಪಾಯಿ. ಪದನಾಮ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ನಿರ್ವಾಹಕರಾಗಿ ಕೆಲಸ ಮಾಡಿಸಿಕೊಂಡು, ಹಾಜರಿ ಪುಸ್ತಕದಲ್ಲಿ ಅಟೆಂಡರ್, ಸಹಾಯಕ ಅಥವಾ ಗ್ರೂಪ್ 'ಡಿ' ಎಂದು ನಮೂದಿಸಿದರೆ, ನೌಕರರು ತಮಗೆ ಅರಿವಿಲ್ಲದೆಯೇ ಕೆಳಗಿನ ದರ್ಜೆಯ ವೇತನಕ್ಕೆ ಇಳಿಯುತ್ತಾರೆ. ನೇಮಕಾತಿ ಪತ್ರ, ಗುರುತಿನ ಚೀಟಿ ಮತ್ತು ವೇತನ ಚೀಟಿ ಈ ಮೂರರಲ್ಲಿಯೂ ಪದನಾಮ ಒಂದೇ ಆಗಿದೆಯೇ ಎಂದು ಸೇರಿದ ತಿಂಗಳಿನಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಂಶವೆಂದರೆ ದಿನದ ದರದ ಲೆಕ್ಕ. ವಾರದ ರಜೆಯು ಸಂಬಳಸಹಿತವಾದ್ದರಿಂದ ತಿಂಗಳ ದರವನ್ನು 26ರಿಂದ ಭಾಗಿಸಿ ದಿನದ ದರವನ್ನು ಪಡೆಯಬೇಕು. ಲೆಕ್ಕದ ಅನುಕೂಲಕ್ಕಾಗಿ ತಿಂಗಳ ದರ 15,000 ರೂಪಾಯಿ ಎಂದಿಟ್ಟುಕೊಂಡರೆ, ದಿನದ ದರ ಸುಮಾರು 577 ರೂಪಾಯಿ. ಇದನ್ನು 30ರಿಂದ ಭಾಗಿಸಿ 500 ರೂಪಾಯಿ ಎಂದು ತೋರಿಸಿ, ಹಾಜರಾದ 26 ದಿನಗಳಿಗೆ ಮಾತ್ರ ಪಾವತಿಸಿದಲ್ಲಿ ನೌಕರರಿಗೆ ದೊರೆಯುವುದು 13,000 ರೂಪಾಯಿ. ಉಳಿದ 2,000 ರೂಪಾಯಿ ವಾರದ ರಜೆಗಳ ಹೆಸರಿನಲ್ಲಿ ಮಾಯವಾಗಿರುತ್ತದೆ.

ಕಡಿತಗಳು

ವೇತನ ಚೀಟಿಯಲ್ಲಿ ತೋರಿಸಿದ ಮೊತ್ತಕ್ಕೂ ಬ್ಯಾಂಕಿಗೆ ಜಮೆಯಾದ ಮೊತ್ತಕ್ಕೂ ಇರುವ ವ್ಯತ್ಯಾಸವೇ ಹೆಚ್ಚಿನ ದೂರುಗಳಿಗೆ ಕಾರಣ. ಮೇಲಿನ 15,000 ರೂಪಾಯಿಗಳ ಉದಾಹರಣೆಯನ್ನೇ ಮುಂದುವರಿಸೋಣ. ಇದು ಯಾವುದೇ ಅಧಿಸೂಚನೆಯ ದರವಲ್ಲ, ಲೆಕ್ಕ ತಿಳಿಸಲು ಆರಿಸಿಕೊಂಡ ಮೊತ್ತ ಮಾತ್ರ.

ಭವಿಷ್ಯ ನಿಧಿಗೆ ನೌಕರರ ವಂತಿಗೆ ಶೇಕಡ 12, ಅಂದರೆ 1,800 ರೂಪಾಯಿ. ನೌಕರರ ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, 2019ರ ಜುಲೈ 1ರಿಂದ ನಿಗದಿಯಾದ ನೌಕರರ ವಂತಿಗೆ ಶೇಕಡ 0.75, ಅಂದರೆ 113 ರೂಪಾಯಿ. ಇವೆರಡನ್ನು ಕಳೆದರೆ ಕೈಗೆ ಬರಬೇಕಾದುದು 13,087 ರೂಪಾಯಿ. ವೃತ್ತಿ ತೆರಿಗೆಯ ಪ್ರಶ್ನೆ ಇಲ್ಲಿ ಬರುವುದಿಲ್ಲ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳ ಪಡೆಯುವವರಿಗೆ ಈ ತೆರಿಗೆ ಇಲ್ಲ. ಆದರೂ ಹಳೆಯ ರೂಢಿಯಂತೆ 200 ರೂಪಾಯಿ ಕಡಿತ ಮಾಡಿದ್ದರೆ ಅದನ್ನು ಪ್ರಶ್ನಿಸಬಹುದು.

ಮಾಲೀಕರ ಪಾಲು ಪ್ರತ್ಯೇಕ. ಭವಿಷ್ಯ ನಿಧಿಗೆ ಶೇಕಡ 12ರಂತೆ 1,800 ರೂಪಾಯಿ, ಇ.ಎಸ್.ಐ.ಗೆ ಶೇಕಡ 3.25ರಂತೆ 488 ರೂಪಾಯಿ, ಒಟ್ಟು 2,288 ರೂಪಾಯಿಗಳನ್ನು ಏಜೆನ್ಸಿಯು ಮಾಲೀಕರಾಗಿ ತನ್ನ ಕಡೆಯಿಂದ ಕಟ್ಟಬೇಕು. ಇದನ್ನು ನೌಕರರ ವೇತನದಿಂದ ಕಡಿತ ಮಾಡುವುದು ಕಾನೂನುಬಾಹಿರ. ಎರಡೂ ಪಾಲನ್ನು ನೌಕರರಿಂದಲೇ ವಸೂಲು ಮಾಡಿದಲ್ಲಿ ಕೈಗೆ ಬರುವುದು 10,799 ರೂಪಾಯಿ ಮಾತ್ರ. ಏಜೆನ್ಸಿಯ ಸೇವಾ ಶುಲ್ಕವನ್ನಾಗಲಿ, ಸರಕು ಮತ್ತು ಸೇವಾ ತೆರಿಗೆಯನ್ನಾಗಲಿ, ಕೆಲಸಕ್ಕೆ ಸೇರಿಸಿಕೊಂಡ ಕಮಿಷನ್ನನ್ನಾಗಲಿ ನೌಕರರ ವೇತನದಿಂದ ತೆಗೆದುಕೊಳ್ಳುವಂತಿಲ್ಲ. "ನಿಮ್ಮ ಹೆಸರಿನಲ್ಲಿ ಇಲಾಖೆ ಕೊಡುವ ಒಟ್ಟು ಹಣ ಇಷ್ಟು" ಎಂದು ಹೇಳಿ ಆ ಒಟ್ಟು ಮೊತ್ತವನ್ನೇ ವೇತನವೆಂದು ನಂಬಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಬಿಲ್ಲಿನ ಮೊತ್ತ ಬೇರೆ, ವೇತನ ಬೇರೆ.

ಕಡಿತ ಮಾಡಿದ ಹಣ ನಿಜವಾಗಿಯೂ ಜಮೆಯಾಗಿದೆಯೇ ಎಂಬುದನ್ನು ಭವಿಷ್ಯ ನಿಧಿಯ ಯು.ಎ.ಎನ್. ಸಂಖ್ಯೆಯ ಮೂಲಕ ಪಾಸ್ ಪುಸ್ತಕದಲ್ಲಿ ನೋಡಬಹುದು. ಚೀಟಿಯಲ್ಲಿ ಕಡಿತವಿದ್ದು ಪಾಸ್ ಪುಸ್ತಕ ಖಾಲಿಯಿದ್ದರೆ ಭವಿಷ್ಯ ನಿಧಿ ಸಂಘಟನೆಯ ಪ್ರಾದೇಶಿಕ ಕಚೇರಿಗೆ ದೂರು ಸಲ್ಲಿಸಬೇಕು.

ವೇತನ ಸಂಹಿತೆಯ ವ್ಯಾಖ್ಯಾನದಂತೆ, ಮನೆ ಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳ ಒಟ್ಟು ಮೊತ್ತವು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದಲ್ಲಿ, ಹೆಚ್ಚಾದ ಭಾಗವನ್ನು ವೇತನವೆಂದೇ ಪರಿಗಣಿಸತಕ್ಕದ್ದು. ಮೂಲ ವೇತನವನ್ನು ಅತಿ ಕಡಿಮೆ ತೋರಿಸಿ, ಉಳಿದುದನ್ನು ಭತ್ಯೆಗಳೆಂದು ಕರೆದು, ಬೋನಸ್ ಮತ್ತು ಉಪದಾನವನ್ನು ಕುಗ್ಗಿಸುವ ಪದ್ಧತಿಗೆ ಇದರಿಂದ ತಡೆ ಬಿದ್ದಿದೆ. ಐದು ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದಂತೆ ಉಪದಾನ ಸಲ್ಲುತ್ತದೆ; ನಿಗದಿತ ಅವಧಿಯ ನೇಮಕಾತಿಯವರಿಗೆ ಒಂದು ವರ್ಷದ ಸೇವೆ ಸಾಕು. ಅರ್ಹರಿಗೆ ಬೋನಸ್ ಶೇಕಡ 8.33ಕ್ಕಿಂತ ಕಡಿಮೆಯಾಗುವಂತಿಲ್ಲ.

ಪಾಳಿ ಮತ್ತು ಬದಲಿ ನಿರ್ವಾಹಕರಿಗಾಗಿ ಕಾಯುವ ಅವಧಿ

ದೂರವಾಣಿ ಫಲಕವನ್ನು ಬಿಟ್ಟು ಎದ್ದು ಹೋಗುವಂತಿಲ್ಲ. ಮುಂದಿನ ಪಾಳಿಯವರು ಬಂದು ಕುಳಿತ ನಂತರವೇ ಹಿಂದಿನವರು ಏಳಬೇಕು ಎಂಬುದು ಈ ಕೆಲಸದ ಅಲಿಖಿತ ನಿಯಮ. ಆಸ್ಪತ್ರೆಗಳಲ್ಲಂತೂ ಅದು ಅನಿವಾರ್ಯ. ಬದಲಿಯವರಿಗಾಗಿ ಕಾಯುತ್ತ ಕಳೆಯುವ ಅರ್ಧ ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿರ್ವಾಹಕರೂ ಅದನ್ನು ಕೇಳುವುದಿಲ್ಲ.

ವಾರಕ್ಕೆ ಆರು ದಿನ, ದಿನಕ್ಕೆ 8 ಗಂಟೆಯಂತೆ ಕೆಲಸ ಮಾಡಿದರೆ ವಾರದ ಮಿತಿಯಾದ 48 ಗಂಟೆಗಳು ಪೂರ್ಣವಾಗುತ್ತವೆ. ಅದರ ಮೇಲಿನ ಪ್ರತಿ ಗಂಟೆಯೂ ಹೆಚ್ಚುವರಿ ಅವಧಿಯ ಕೆಲಸವಾಗಿದ್ದು, ಅದಕ್ಕೆ ಸಾಮಾನ್ಯ ದರದ ಎರಡರಷ್ಟಕ್ಕಿಂತ ಕಡಿಮೆಯಿಲ್ಲದಂತೆ ಪಾವತಿಸಬೇಕು. ದಿನಕ್ಕೆ ಅರ್ಧ ಗಂಟೆಯಂತೆ 26 ದಿನಗಳಲ್ಲಿ 13 ಗಂಟೆಗಳಾಗುತ್ತವೆ. ತಿಂಗಳಿಗೆ 15,000 ರೂಪಾಯಿ ಪಡೆಯುವವರ ಒಂದು ಗಂಟೆಯ ದರ ಸುಮಾರು 72 ರೂಪಾಯಿ. ಎರಡರಷ್ಟು ದರದಲ್ಲಿ 13 ಗಂಟೆಗಳಿಗೆ 1,875 ರೂಪಾಯಿ. ವರ್ಷಕ್ಕೆ ಇದು 22,500 ರೂಪಾಯಿ, ಅಂದರೆ ಒಂದೂವರೆ ತಿಂಗಳ ವೇತನ.

ಇದನ್ನು ರುಜುವಾತುಪಡಿಸಲು ಪಾಳಿ ಹಸ್ತಾಂತರದ ದಾಖಲೆ ಪುಸ್ತಕ ಅತ್ಯುತ್ತಮ ಸಾಧನ. ಬಹುತೇಕ ಫಲಕಗಳ ಬಳಿ ಕರೆಗಳ ವಿವರವನ್ನೂ, ಪಾಳಿ ವಹಿಸಿಕೊಟ್ಟ ವಿವರವನ್ನೂ ಬರೆಯುವ ಪುಸ್ತಕವಿರುತ್ತದೆ. ಅದರಲ್ಲಿ ನಿಯಮಿತ ಸಮಯವನ್ನು ಬರೆಯುವ ಬದಲು ವಾಸ್ತವವಾಗಿ ಎದ್ದ ಸಮಯವನ್ನು ಬರೆದು ಸಹಿ ಮಾಡುವುದು ಸೂಕ್ತ. ಮಧ್ಯಾಹ್ನ 2.00 ಗಂಟೆಗೆ ಮುಗಿಯಬೇಕಾದ ಪಾಳಿಯಿಂದ 2.35ಕ್ಕೆ ಎದ್ದಿದ್ದರೆ 2.35 ಎಂದೇ ಬರೆಯಬೇಕು.

ರಾತ್ರಿ ಪಾಳಿಗೆ ಪ್ರತ್ಯೇಕ ಭತ್ಯೆ ದೊರೆಯುತ್ತದೆಂದು ಹಲವರು ತಿಳಿದಿದ್ದಾರೆ. ಅದು ಸಂಸ್ಥೆಯ ನಿಯಮ ಅಥವಾ ಒಪ್ಪಂದದಲ್ಲಿದ್ದರೆ ಮಾತ್ರ ಸಲ್ಲುತ್ತದೆ. ರಾಷ್ಟ್ರೀಯ ಹಾಗೂ ಹಬ್ಬದ ರಜಾ ದಿನಗಳ ವಿಷಯ ಬೇರೆ. 1963ರ ಕರ್ನಾಟಕ ಔದ್ಯೋಗಿಕ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾ ದಿನಗಳ ಅಧಿನಿಯಮವು ಅನ್ವಯಿಸುವ ಸಂಸ್ಥೆಗಳಲ್ಲಿ, ಜನವರಿ 26 ಅಥವಾ ಆಗಸ್ಟ್ 15ರಂತಹ ದಿನದಂದು ಕೆಲಸಕ್ಕೆ ಕರೆದರೆ ಎರಡರಷ್ಟು ವೇತನವನ್ನು, ಇಲ್ಲವೇ ಆ ದಿನದ ವೇತನದ ಜೊತೆಗೆ ಬದಲಿ ರಜೆಯನ್ನು ನೀಡಬೇಕು.

ದೃಷ್ಟಿ ದೋಷವುಳ್ಳ ನಿರ್ವಾಹಕರು

ದೂರವಾಣಿ ಫಲಕದ ಕೆಲಸವು ದೃಷ್ಟಿ ದೋಷವುಳ್ಳ ಅನೇಕರಿಗೆ ಬಹುಕಾಲದಿಂದ ಜೀವನೋಪಾಯವಾಗಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಸರ್ಕಾರಿ ಸಂಸ್ಥೆಗಳ ಹುದ್ದೆಗಳಲ್ಲಿ ಶೇಕಡ 4ಕ್ಕಿಂತ ಕಡಿಮೆಯಿಲ್ಲದಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕಾಗಿದ್ದು, ಅದರಲ್ಲಿ ಶೇಕಡ 1 ಅಂಧತ್ವ ಮತ್ತು ಮಂದ ದೃಷ್ಟಿಯುಳ್ಳವರಿಗೆ ಸೇರಿದೆ. ಮಂಜೂರಾದ ನಿರ್ವಾಹಕ ಹುದ್ದೆ ಹೊರಗುತ್ತಿಗೆಗೆ ಹೋದಾಗ ಈ ವರ್ಗದವರು ಕಳೆದುಕೊಳ್ಳುವುದು ಇತರರಿಗಿಂತ ಹೆಚ್ಚು ಎಂಬುದನ್ನು ಇಲ್ಲಿ ಹೇಳಲೇಬೇಕು.

ಇವರಿಗೆ ಸಂಬಂಧಿಸಿದಂತೆ ಎರಡು ವಿಶೇಷ ಅಂಶಗಳಿವೆ. ಇ.ಎಸ್.ಐ. ವ್ಯಾಪ್ತಿಗೆ ಬರಲು 2017ರ ಜನವರಿ 1ರಿಂದ ನಿಗದಿಯಾದ ವೇತನ ಮಿತಿ ಇತರರಿಗೆ 21,000 ರೂಪಾಯಿಯಾದರೆ, ವಿಕಲಚೇತನರಿಗೆ 25,000 ರೂಪಾಯಿ. ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ವಿಕಲತೆಯುಳ್ಳವರಿಗೆ, ಸಂಬಳ ಎಷ್ಟೇ ಇರಲಿ, ರಾಜ್ಯದಲ್ಲಿ ವೃತ್ತಿ ತೆರಿಗೆಯಿಂದ ವಿನಾಯಿತಿ ಇದೆ. ಇದಕ್ಕೆ ಪ್ರಮಾಣಪತ್ರವನ್ನು ವೇತನ ಬಟವಾಡೆ ಮಾಡುವ ಕಚೇರಿಗೆ ಕೊಟ್ಟಿರಬೇಕು. ವೇತನ ಚೀಟಿಯನ್ನು ಮುದ್ರಿತ ಕಾಗದದ ಬದಲು ತಮ್ಮ ಮೊಬೈಲಿನಲ್ಲಿ ಓದಿಸಿ ಕೇಳಬಹುದಾದ ರೂಪದಲ್ಲಿ ಕೊಡುವಂತೆ ಬರವಣಿಗೆಯಲ್ಲಿ ಕೋರಿಕೊಳ್ಳುವುದು ಸೂಕ್ತ. ಕಡಿತಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾದ ನೌಕರರಿಗೆ ಅವು ತಡವಾಗಿ ತಿಳಿಯುತ್ತವೆ.

ಕಡಿಮೆ ಪಾವತಿಯಾದಲ್ಲಿ ಅರ್ಜಿ ಸಲ್ಲಿಸುವುದು

ತಿಂಗಳ ವೇತನವು ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ ಪಾವತಿಯಾಗಬೇಕು. ಕೆಲಸದಿಂದ ತೆಗೆದಲ್ಲಿ ಅಥವಾ ನೌಕರರೇ ರಾಜೀನಾಮೆ ನೀಡಿದಲ್ಲಿ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇಲಾಖೆಯಿಂದ ಬಿಲ್ಲು ಮಂಜೂರಾಗಿಲ್ಲ ಎಂಬುದು ವೇತನ ತಡೆಹಿಡಿಯಲು ಏಜೆನ್ಸಿಗೆ ಕಾನೂನಿನಲ್ಲಿ ಕಾರಣವಲ್ಲ. ಏಜೆನ್ಸಿ ಪಾವತಿಸದಿದ್ದಲ್ಲಿ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಪಾವತಿಸುವ ಹೊಣೆ ಹೊರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಏಜೆನ್ಸಿಯನ್ನು ಮಾತ್ರವಲ್ಲದೆ ಆ ಸಂಸ್ಥೆಯನ್ನೂ ಎದುರುದಾರರನ್ನಾಗಿ ತೋರಿಸತಕ್ಕದ್ದು. ಟೆಂಡರು ಬದಲಾಗಿ ಹಳೆಯ ಏಜೆನ್ಸಿ ಹೊರಟುಹೋದ ನಂತರ ಅದನ್ನು ಹುಡುಕುವುದು ಕಷ್ಟ. ಸಂಸ್ಥೆ ಅಲ್ಲಿಯೇ ಇರುತ್ತದೆ.

ರಾಜ್ಯದ ವ್ಯಾಪ್ತಿಯ ಸಂಸ್ಥೆಗಳಿಗೆ ಸಂಬಂಧಿಸಿದಂತೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಅಥವಾ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳನ್ನು ಮೊದಲು ಸಂಪರ್ಕಿಸಬಹುದು. ಇಲಾಖೆಯ ಕೇಂದ್ರ ಕಚೇರಿಯು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಕೇಂದ್ರದ ವ್ಯಾಪ್ತಿಯ ಸಂಸ್ಥೆಗಳಾದಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಅಧೀನದ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬೇಕು. ವೇತನ ಸಂಹಿತೆಯಡಿ ಕ್ಲೇಮು ಅರ್ಜಿಯನ್ನು ನೌಕರರು ತಾವೇ, ತಾವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ, ಅಥವಾ ನಿರೀಕ್ಷಕರ ಮೂಲಕ ಸಲ್ಲಿಸಬಹುದು. ಬಾಕಿ ಉದ್ಭವಿಸಿದ ದಿನದಿಂದ ಮೂರು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪ್ರಾಧಿಕಾರವು ಬಾಕಿ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನು ವಿಧಿಸಲು ಅಧಿಕಾರ ಹೊಂದಿದೆ.

ವೇತನ ಪಾವತಿಸಿಲ್ಲ ಅಥವಾ ಕಡಿಮೆ ಪಾವತಿಸಿದ್ದಾರೆ ಎಂಬ ಕ್ಲೇಮು ಬಂದಾಗ, ಪಾವತಿಸಿದ್ದೇವೆ ಎಂದು ರುಜುವಾತುಪಡಿಸುವ ಹೊಣೆ ಮಾಲೀಕರದು. ಹೀಗಿದ್ದರೂ ಬರಿಗೈಯಲ್ಲಿ ಬರುವುದು ಬೇಡ. ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿಯ ಪ್ರತಿ, ದೊರೆತಷ್ಟು ವೇತನ ಚೀಟಿಗಳು, ವೇತನ ಜಮೆಯಾದ ಬ್ಯಾಂಕ್ ಪಾಸ್ ಪುಸ್ತಕದ ಪುಟಗಳು, ಭವಿಷ್ಯ ನಿಧಿ ಪಾಸ್ ಪುಸ್ತಕದ ಮುದ್ರಿತ ಪ್ರತಿ ಮತ್ತು ಪಾಳಿ ಪಟ್ಟಿಯ ಅಥವಾ ಹಸ್ತಾಂತರ ಪುಸ್ತಕದ ಪ್ರತಿಗಳನ್ನು ಲಗತ್ತಿಸುವುದು. ಅರ್ಜಿಯಲ್ಲಿ ಪ್ರತಿ ತಿಂಗಳಿಗೂ ಸಲ್ಲಬೇಕಾದ ಮೊತ್ತ, ಸಂದ ಮೊತ್ತ ಮತ್ತು ವ್ಯತ್ಯಾಸವನ್ನು ಪ್ರತ್ಯೇಕವಾಗಿ ಬರೆಯುವುದು. ಸಂಸ್ಥೆಯು ಹಸ್ತಾಂತರ ಪುಸ್ತಕದ ಪ್ರತಿಯನ್ನು ಕೊಡಲು ಒಪ್ಪದಿದ್ದಲ್ಲಿ, ಅದನ್ನು ಹಾಜರುಪಡಿಸುವಂತೆ ನಿರ್ದೇಶಿಸಲು ಅರ್ಜಿಯಲ್ಲಿಯೇ ಕೋರಬಹುದು. ಸಲ್ಲಿಸಿದ ಅರ್ಜಿಗೆ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳುವುದು. ಮೂರು ವರ್ಷಗಳ ಅವಧಿಯನ್ನು ಎಣಿಸುವಾಗ ಆ ದಿನಾಂಕವೇ ಆಧಾರವಾಗುತ್ತದೆ.